ಜ್ವರ ಬಿಟ್ಟ ಮೇಲೆ ಮಾತು ತಪ್ಪಿದರೆ: ಕೊರೊನಾ ಮತ್ತು ಮೆದುಳಿನ ಉರಿಯೂತ



ಕೊರೊನಾ ಅಂದ ಕೂಡಲೇ ನಮಗೆ ನೆನಪಾಗುವುದು ಕೆಮ್ಮು, ದಮ್ಮು, ಆಕ್ಸಿಜನ್ ಸಿಲಿಂಡರ್. ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಪಕ್ಕದ ಕಲಬುರಗಿಯಲ್ಲಿ, 2020ರ ಮಾರ್ಚ್ ತಿಂಗಳಲ್ಲಿ. ಅದಾದ ಎರಡು ತಿಂಗಳಿಗೆ ಮುಂಬೈ, ಪುಣೆ ಕಡೆ ದುಡಿಯಲಿಕ್ಕೆ ಹೋಗಿದ್ದ ನಮ್ಮ ಯಾದಗಿರಿ ಜಿಲ್ಲೆಯ ಜನ ಗಂಟು ಮೂಟೆ ಕಟ್ಟಿಕೊಂಡು ವಾಪಸ್ ಬಂದರು. ಶಾಲೆ, ಹಾಸ್ಟೆಲ್‌ಗಳಲ್ಲಿ ಅವರನ್ನು ಇಟ್ಟದ್ದು, ಊರ ಮುಂದೆ ಮುಳ್ಳು ಕಂಟಿ ಹಚ್ಚಿ ದಾರಿ ಬಂದ್ ಮಾಡಿದ್ದು ನೀವು ಮರೆತಿರಲಿಕ್ಕಿಲ್ಲ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾದ ತುರ್ತು ಪರಿಸ್ಥಿತಿ ಮುಗಿಯಿತು ಎಂದು ಹೇಳಿತು. ಆದರೆ ರೋಗಾಣು ಎಲ್ಲಿಗೂ ಹೋಗಿಲ್ಲ. 2025ರ ಮೇ-ಜೂನ್ ತಿಂಗಳಲ್ಲಿ ಕರ್ನಾಟಕದಲ್ಲಿ ಮತ್ತೆ ಕೇಸುಗಳು ಹೆಚ್ಚಾಗಿದ್ದವು. ಬಹಳಷ್ಟು ಜನರಿಗೆ ಈಗ ಅದು ನೆಗಡಿ-ಜ್ವರದ ಹಾಗೆ ಬಂದು ಹೋಗುತ್ತದೆ.

ಈ ಸಲ ನಾವು ಹೇಳುವುದು ಪುಪ್ಪುಸದ ಮಾತಲ್ಲ, ತಲೆಯೊಳಗಿನ ಮಾತು. ಕೊರೊನಾ ಬಂದ ಕೆಲವರಿಗೆ, ಬಹಳ ಕಡಿಮೆ ಜನರಿಗೆ, ಮೆದುಳಿಗೆ ಬಾವು ಬರುತ್ತದೆ. ಇದು ಅಪರೂಪದ ಕಾಯಿಲೆ, ಹೆದರಿ ಕೂಡಬೇಕಾಗಿಲ್ಲ. ಆದರೂ ಇದರ ಬಗ್ಗೆ ಬರೆಯಲು ಕಾರಣ ಇದೆ. ಮೆದುಳಿಗೆ ಕಾಯಿಲೆ ಆದಾಗ ನಮ್ಮ ಕಡೆ ಅದನ್ನು ಕಾಯಿಲೆ ಅನ್ನುವುದೇ ಇಲ್ಲ. "ಹೊರಗಿಂದು ಬಡದಾದ", "ಗಾಳಿ ಆಗ್ಯಾದ", "ತಲಿ ಕೆಟ್ಟಾದ" ಅನ್ನುತ್ತೇವೆ. ಎರಡು ದಿನ, ಮೂರು ದಿನ ಅದರಲ್ಲೇ ಹೋಗುತ್ತವೆ. ಈ ಕಾಯಿಲೆಯಲ್ಲಿ ಆ ಎರಡು-ಮೂರು ದಿನಗಳ ಬೆಲೆ ಬಹಳ ದೊಡ್ಡದು.

ಉರಿಯೂತ ಅಂದರೇನು?

ಹೊಲದಲ್ಲಿ ಕಾಲಿಗೆ ಜಾಲಿ ಮುಳ್ಳು ಚುಚ್ಚಿದರೆ ಏನಾಗುತ್ತದೆ? ಸಂಜೆಗೆ ಆ ಜಾಗ ಕೆಂಪಗಾಗುತ್ತದೆ, ಬಿಸಿಯಾಗುತ್ತದೆ, ಬಾಯುತ್ತದೆ, ನೋಯುತ್ತದೆ. ಇದಕ್ಕೇ ಉರಿಯೂತ ಎನ್ನುವುದು. ಮೈಯೊಳಗೆ ಬಂದ ಹೊರಗಿನ ವಸ್ತುವಿನ ಮೇಲೆ ನಮ್ಮ ರಕ್ತದಲ್ಲಿರುವ ಕಾವಲುಗಾರರು ಮಾಡುವ ಯುದ್ಧ ಅದು. ಕಾಲಿಗಾದರೆ ಬಾಯಲಿಕ್ಕೆ ಜಾಗ ಇದೆ. ಮೆದುಳು ಇರುವುದು ತಲೆಬುರುಡೆಯ ಒಳಗೆ. ಬುರುಡೆ ಅಂದರೆ ಎಲುಬು, ಅದು ಹಿಗ್ಗುವುದಿಲ್ಲ. ಬಾಯಿ ಬಿಗಿದ ಗಡಿಗೆಯೊಳಗೆ ಹಿಟ್ಟು ಉಬ್ಬಿದ ಹಾಗೆ, ಬಾತ ಮೆದುಳಿಗೆ ಹೋಗಲು ದಾರಿ ಇರುವುದಿಲ್ಲ. ಒತ್ತಡ ಹೆಚ್ಚಾಗುತ್ತದೆ. ಮಾತು, ನೆನಪು, ನಡಿಗೆ, ಉಸಿರಾಟ ಇವೆಲ್ಲವನ್ನೂ ನಡೆಸುವುದು ಮೆದುಳೇ. ಹಾಗಾಗಿ ಯಾವ ಭಾಗ ಬಾತಿದೆಯೋ ಆ ಭಾಗದ ಕೆಲಸ ತಪ್ಪುತ್ತದೆ. ಡಾಕ್ಟರು ಇದಕ್ಕೆ ಎನ್‌ಸೆಫಲೈಟಿಸ್ ಎಂದು ಹೆಸರಿಟ್ಟಿದ್ದಾರೆ. ಜನರ ಬಾಯಲ್ಲಿ ಮೆದುಳು ಜ್ವರ.

ಕೊರೊನಾ ರೋಗಾಣು ಸೇರುವುದು ಮೂಗು, ಗಂಟಲು, ಪುಪ್ಪುಸಕ್ಕೆ. ಹಾಗಾದರೆ ಮೆದುಳಿಗೆ ಹೇಗೆ ತೊಂದರೆ ಆಗುತ್ತದೆ ಎಂದು ನೀವು ಕೇಳಬಹುದು. ವೈದ್ಯರಿಗೂ ಮೊದಮೊದಲು ಇದೇ ಪ್ರಶ್ನೆ ಇತ್ತು. ರೋಗಾಣು ತಾನೇ ಮೆದುಳಿಗೆ ನುಗ್ಗಿರಬೇಕು ಎಂದು ಅವರು ರೋಗಿಗಳ ಬೆನ್ನುಹುರಿಯ ನೀರು ತೆಗೆದು ಹುಡುಕಿದರು. ಹೆಚ್ಚಿನವರಲ್ಲಿ ಅದು ಅಲ್ಲಿ ಸಿಗಲಿಲ್ಲ. ಬಹುಪಾಲು ಪ್ರಕರಣಗಳಲ್ಲಿ ಹಾನಿ ಮಾಡುವುದು ನಮ್ಮದೇ ಕಾವಲು ಪಡೆ ಎಂದು ಈಗ ತಿಳಿದಿದೆ. ರೋಗಾಣುವಿನ ವಿರುದ್ಧ ಎದ್ದ ಪಡೆ ಮಿತಿ ಮೀರಿ ಮೈಯೆಲ್ಲ ಉರಿ ಹಚ್ಚುತ್ತದೆ, ಇಲ್ಲವೇ ಗುರುತು ತಪ್ಪಿ ನಮ್ಮ ಮೆದುಳಿನ ನರಗಳನ್ನೇ ಶತ್ರು ಎಂದು ತಿಳಿಯುತ್ತದೆ. ಹೊಲ ಕಾಯಲು ಬಿಟ್ಟ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ಆದ್ದರಿಂದಲೇ ಈ ತೊಂದರೆ ಜ್ವರ ಜೋರಾಗಿ ಇದ್ದಾಗ ಮಾತ್ರ ಬರುತ್ತದೆ ಎಂದಿಲ್ಲ. ಜ್ವರ ಬಿಟ್ಟು, ಊಟ ಮಾಡಿ, ಎದ್ದು ಓಡಾಡಿದ ಮೇಲೂ ಬರಬಹುದು. ಬೇರೆ ಬೇರೆ ದೇಶಗಳ ರೋಗಿಗಳ ಲೆಕ್ಕ ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಕೊರೊನಾ ಎಂದು ಗೊತ್ತಾದ ದಿನದಿಂದ ಮೆದುಳಿನ ಉರಿಯೂತ ಶುರುವಾಗಲು ಸರಾಸರಿ 14 ದಿನ ಹಿಡಿದಿತ್ತು. "ಕೊರೊನಾ ಹೋಗಿ ಎರಡು ವಾರ ಆಯ್ತಲ್ಲ, ಇದು ಅದರದ್ದಲ್ಲ" ಅನ್ನುವ ಹಾಗಿಲ್ಲ.

ಎಷ್ಟು ಜನರಿಗೆ ಬರುತ್ತದೆ? ಅದೇ ಅಧ್ಯಯನದ ಲೆಕ್ಕದಲ್ಲಿ ಕೊರೊನಾ ರೋಗಿಗಳಲ್ಲಿ ಸಾವಿರಕ್ಕೆ ಸುಮಾರು ಇಬ್ಬರಿಗೆ. ಕಾಯಿಲೆ ಬಹಳ ಗಂಭೀರವಾದವರಲ್ಲಿ ಮಾತ್ರ ಇದು ನೂರಕ್ಕೆ ಆರೇಳು ಜನರಿಗೆ ಏರಿತ್ತು. ಉರಿಯೂತ ಆದವರಲ್ಲಿ ನೂರಕ್ಕೆ 13 ಜನ ತೀರಿಕೊಂಡಿದ್ದರು. ಅಂದರೆ ಹೆಚ್ಚಿನವರು ಉಳಿದಿದ್ದಾರೆ. ಇವು ರೋಗ ಜೋರಾಗಿದ್ದ ಮೊದಲ ವರ್ಷದ ಲೆಕ್ಕ ಅನ್ನುವುದನ್ನೂ ನೆನಪಿಡಬೇಕು.

ದಾವಣಗೆರೆಯ ಹುಡುಗ

ನಮ್ಮ ರಾಜ್ಯದಲ್ಲಿ ಇದು ಜನರ ಗಮನಕ್ಕೆ ಬಂದದ್ದು 2021ರ ಜೂನ್‌ನಲ್ಲಿ, ಎರಡನೆಯ ಅಲೆ ಇಳಿಯುತ್ತಿದ್ದ ಹೊತ್ತಿನಲ್ಲಿ. ದಾವಣಗೆರೆಯ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆಗೆ 13 ವರ್ಷದ ಒಬ್ಬ ಹುಡುಗನನ್ನು ತಂದಿದ್ದರು. ಕೊರೊನಾ ಬಂದು ಹೋದ ಮೇಲೆ ಆತನ ಮೆದುಳಿಗೆ ತೀವ್ರ ಹಾನಿಯಾಗಿತ್ತು. ಅವನನ್ನು ವೆಂಟಿಲೇಟರ್ ಮೇಲೆ ಇಡಬೇಕಾಯಿತು. ಈ ತೊಂದರೆಗೆ ವೈದ್ಯರು ಕೊಟ್ಟ ಹೆಸರು ಉದ್ದ ಇದೆ: ಅಕ್ಯೂಟ್ ನೆಕ್ರೊಟೈಸಿಂಗ್ ಎನ್‌ಸೆಫಲೋಪತಿ. ಚಿಕ್ಕದಾಗಿ ಮಕ್ಕಳಲ್ಲಿ ಇದನ್ನು ಎ.ಎನ್.ಇ.ಸಿ. ಎನ್ನುತ್ತಾರೆ. ಇದು ಹೊಸದಾಗಿ ಹುಟ್ಟಿದ ರೋಗವಲ್ಲ. ಫ್ಲೂ ಜ್ವರದ ನಂತರ ಮಕ್ಕಳಿಗೆ ಹೀಗಾಗುವುದನ್ನು ಜಪಾನಿನ ವೈದ್ಯರು 1990ರ ದಶಕದಲ್ಲೇ ಗುರುತಿಸಿದ್ದರು. ಕೊರೊನಾದಿಂದ ಹೀಗಾದ ಮೊದಮೊದಲ ವರದಿ 2020ರ ಮಾರ್ಚ್‌ನಲ್ಲಿ ಅಮೆರಿಕದ ಡೆಟ್ರಾಯಿಟ್ ಪಟ್ಟಣದಿಂದ ಬಂತು. ಅಲ್ಲಿ ರೋಗಿ ಐವತ್ತು ದಾಟಿದ ಒಬ್ಬ ಹೆಣ್ಣುಮಗಳು. ದೊಡ್ಡ ಪಟ್ಟಣದ, ದೊಡ್ಡ ದೇಶದ ಕಾಯಿಲೆ ಎಂದುಕೊಂಡದ್ದು ಸುಮಾರು ಹದಿನೈದು ತಿಂಗಳಲ್ಲಿ ನಮ್ಮ ನಡುವಿನ ದಾವಣಗೆರೆಯಲ್ಲಿ ಕಾಣಿಸಿಕೊಂಡಿತು.

ದಾವಣಗೆರೆಯ ಪ್ರಕರಣ ಪತ್ರಿಕೆಗಳಲ್ಲಿ ಬಂದಾಗ ಬಹಳ ತಾಯಂದಿರು ಹೆದರಿದ್ದರು. ನಮ್ಮ ಅನಿಸಿಕೆಯಲ್ಲಿ ಆ ಸುದ್ದಿಯಿಂದ ತಿಳಿಯಬೇಕಾದದ್ದು ಬೇರೆ ಇತ್ತು. ಇದು ಹಳ್ಳಿಯ ಮಕ್ಕಳಿಗೂ ಆಗುವಂಥದ್ದು, ಇದಕ್ಕೆ ಹೆಸರಿದೆ, ಇದನ್ನು ಗುರುತಿಸುವ ಡಾಕ್ಟರು ಕರ್ನಾಟಕದ ಜಿಲ್ಲಾ ಪಟ್ಟಣದಲ್ಲೇ ಇದ್ದಾರೆ, ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ಒಂದೇ ದಾರಿ ಅಲ್ಲ.

ಮನೆಯಲ್ಲಿ ಏನು ನೋಡಬೇಕು?

ಜ್ವರ ಬಂದಾಗ ತಲೆನೋವು ಎಲ್ಲರಿಗೂ ಬರುತ್ತದೆ. ಸುಸ್ತು, ಮೈಕೈ ನೋವು ಎಲ್ಲರಿಗೂ ಇರುತ್ತದೆ. ಅದಕ್ಕೆಲ್ಲ ಗಾಬರಿ ಬೇಡ. ನೋಡಬೇಕಾದದ್ದು ಮನುಷ್ಯ ಬದಲಾದದ್ದನ್ನು. ನಿನ್ನೆ ತನಕ ಸರಿ ಇದ್ದವಳು ಇವತ್ತು ಮಗಳ ಹೆಸರು ತಪ್ಪಿ ಹೇಳುತ್ತಾಳೆ. ಇದು ಯಾವ ಊರು, ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಸುಮ್ಮನೆ ನಗುತ್ತಾಳೆ, ಸಿಟ್ಟಾಗುತ್ತಾಳೆ, ಸೀರೆ ಕಿತ್ತೆಸೆಯುತ್ತಾಳೆ, ಇಲ್ಲದವರು ಕಂಡ ಹಾಗೆ ಮಾತಾಡುತ್ತಾಳೆ. ಇಲ್ಲವೇ ಇದರ ತದ್ವಿರುದ್ಧ: ಎಬ್ಬಿಸಿದರೂ ಏಳುವುದಿಲ್ಲ, ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾಳೆ. ಮೇಲೆ ಹೇಳಿದ ಅಧ್ಯಯನದಲ್ಲಿ ಉರಿಯೂತ ಆದ ನೂರು ಜನರಲ್ಲಿ 70ಕ್ಕಿಂತ ಹೆಚ್ಚು ಮಂದಿಗೆ ಇದೇ ಮುಖ್ಯ ಲಕ್ಷಣ, ಅರಿವು ಕಡಿಮೆಯಾಗುವುದು ಅಥವಾ ಬುದ್ಧಿ ಗಲಿಬಿಲಿ ಆಗುವುದು. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಫಿಟ್ಸ್ ಬಂದಿತ್ತು. ತಲೆನೋವು ಇದ್ದವರು ನಾಲ್ವರಲ್ಲಿ ಒಬ್ಬರಷ್ಟೇ. ಆದ್ದರಿಂದ "ತಲಿನೋವು ಇಲ್ಲ, ಹಂಗಾದ್ರ ತಲಿಗೇನೂ ಆಗಿಲ್ಲ" ಎನ್ನುವುದು ತಪ್ಪು.

ಇನ್ನೂ ಕೆಲವರಿಗೆ ಒಂದು ಕೈ ಅಥವಾ ಕಾಲು ಸೋಲುತ್ತದೆ, ಬಾಯಿ ಓರೆಯಾಗುತ್ತದೆ, ನಾಲಿಗೆ ತೊದಲುತ್ತದೆ. ಕೊರೊನಾದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವುದೂ ಇದೆ. ಅದೂ ಅಷ್ಟೇ ತುರ್ತು. ಕೂಸುಗಳಲ್ಲಿ ಮಾತಿನ ಗುರುತು ಸಿಗುವುದಿಲ್ಲ. ಹಾಲು ಕುಡಿಯದಿರುವುದು, ಒಂದೇ ಸಮ ಕಿರಿಚುವುದು, ನೆತ್ತಿ ಉಬ್ಬುವುದು, ಮೈ ಬಿಗಿಯುವುದು, ಇವನ್ನು ನೋಡಿ.

ಮನೆಯಲ್ಲಿ ವಯಸ್ಸಾದ ಮುತ್ಯಾ, ಆಯಿ ಇದ್ದರೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಮುದುಕರಿಗೆ ಕೊರೊನಾ ಬಂದಾಗ ಕೆಲವೊಮ್ಮೆ ಜ್ವರವೂ ಇರುವುದಿಲ್ಲ, ಕೆಮ್ಮೂ ಇರುವುದಿಲ್ಲ. ಗಲಿಬಿಲಿ ಒಂದೇ ಗುರುತು. "ವಯಸ್ಸಾಗ್ಯಾದ, ಅರಳು ಮರಳು" ಎಂದು ನಾವು ಬಿಟ್ಟುಬಿಡುತ್ತೇವೆ. ಹಾಗೆಯೇ ಗಲಿಬಿಲಿ ಆದದ್ದೆಲ್ಲ ಮೆದುಳಿನ ಉರಿಯೂತವೂ ಅಲ್ಲ. ಆಕ್ಸಿಜನ್ ಕಡಿಮೆ ಆದರೆ, ಸಕ್ಕರೆ ಕಾಯಿಲೆಯವರು ಊಟ ಬಿಟ್ಟು ಗುಳಿಗೆ ತಗೊಂಡು ಸಕ್ಕರೆ ಇಳಿದರೆ, ವಾಂತಿ-ಭೇದಿಯಾಗಿ ಮೈಯೊಳಗಿನ ಉಪ್ಪಿನ ಅಂಶ ಕಡಿಮೆ ಆದರೆ ಕೂಡ ಮನುಷ್ಯ ಹೀಗೇ ಆಗುತ್ತಾನೆ. ಇವುಗಳಲ್ಲಿ ಕೆಲವಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಪರಿಹಾರ ಸಿಗುತ್ತದೆ. ಯಾವುದು ಏನು ಎಂದು ವಿಂಗಡಿಸುವುದು ಡಾಕ್ಟರ ಕೆಲಸ. ಬೇಗ ಅವರ ಮುಂದೆ ಒಯ್ದು ನಿಲ್ಲಿಸುವುದಷ್ಟೇ ನಮ್ಮದು.

ಕೊರೊನಾ ಆದ ಮೇಲೆ ಬಹಳ ಜನರಿಗೆ ಮರೆವು, ಮಂಕು, ಲೆಕ್ಕ ತಪ್ಪುವುದು, ಒಂದು ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ತಿಂಗಳುಗಟ್ಟಲೆ ಇತ್ತು. ಸಂಘದ ಲೆಕ್ಕ ಬರೆಯುವವರು "ಮೊದಲಿನಂಗ ಲೆಕ್ಕ ಹತ್ತವಲ್ದು" ಎಂದು ಹೇಳಿದ್ದು ನಮ್ಮ ಸಭೆಗಳಲ್ಲಿ ಕೇಳಿದ್ದೇವೆ. ಅದು ಉರಿಯೂತಕ್ಕಿಂತ ಬೇರೆ, ನಿಧಾನವಾಗಿ ಹೆಚ್ಚಿನವರಿಗೆ ಕಡಿಮೆ ಆಗುವಂಥದ್ದು. ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಮನುಷ್ಯ ಬದಲಾದರೆ ಮಾತ್ರ ಅದು ಓಡಬೇಕಾದ ಸಂಗತಿ.

ದೇವರು, ದೆವ್ವ ಮತ್ತು ದವಾಖಾನಿ

ಹೆಣ್ಣುಮಗಳು ಏನೇನೋ ಮಾತಾಡಿದರೆ ಮೊದಲು ಬರುವ ಮಾತು ಯಾವುದು ಎಂದು ನಿಮಗೇ ಗೊತ್ತು. ಗಂಡಸಿಗೆ ಆದರೆ "ಜ್ವರ ನೆತ್ತಿಗೇರ್ಯಾದ" ಎನ್ನುತ್ತಾರೆ, ಸೊಸೆಗೆ ಆದರೆ "ಅಕಿಗಿ ಹೊರಗಿಂದು ಬಡದಾದ" ಎನ್ನುತ್ತಾರೆ. ಕೆಲವು ಮನೆಗಳಲ್ಲಿ "ಕೆಲಸ ತಪ್ಪಿಸ್ಲಾಕ ನಾಟಕ ಮಾಡ್ಲಾಕತ್ಯಾಳ" ಎನ್ನುವುದೂ ಇದೆ. ಬೇವಿನ ಸೊಪ್ಪಿನಿಂದ ಬಡಿಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ನಡೆಯುತ್ತದೆ. ಉಸಿರಾಟ ಮೊದಲೇ ಸೋತ ಕೊರೊನಾ ರೋಗಿಗೆ ಮೆಣಸಿನಕಾಯಿ ಹೊಗೆ ಹಾಕಿದರೆ ಏನಾಗುತ್ತದೆ ಎಂದು ಸ್ವಲ್ಪ ಯೋಚನೆ ಮಾಡಿ.

ನಾವು ಹರಕೆ ಹೊರಬೇಡಿ ಎನ್ನುವುದಿಲ್ಲ. ದರ್ಗಾಕ್ಕೆ, ಗುಡಿಗೆ, ಚರ್ಚಿಗೆ ಹೋಗಬೇಡಿ ಎನ್ನುವುದೂ ಇಲ್ಲ. ಆದರೆ ಸರದಿ ಮುಖ್ಯ. ಬೈಬಲಿನಲ್ಲಿ ದಾರಿಯಲ್ಲಿ ಬಿದ್ದ ಗಾಯಾಳುವನ್ನು ಎತ್ತಿದ ಸಮಾರ್ಯದವನ ಕಥೆಯನ್ನು ಯೇಸುಸ್ವಾಮಿ ಹೇಳಿದ್ದಾರೆ. ಆತ ಮೊದಲು ಗಾಯಕ್ಕೆ ಎಣ್ಣೆ-ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ, ಖರ್ಚಿಗೆ ಹಣ ಕೊಟ್ಟ. ಹರಕೆ ಮನಸ್ಸಿನಲ್ಲಿ ಹೊತ್ತುಕೊಂಡೇ 108ಕ್ಕೆ ಫೋನ್ ಹಚ್ಚಬಹುದು. ಅಂಬುಲೆನ್ಸ್ ಬರುವತನಕ ಪ್ರಾರ್ಥನೆ ಮಾಡಬಹುದು. ಅಮಾವಾಸ್ಯೆ ಬರಲಿ, ಮಂಗಳವಾರ ಬರಲಿ ಎಂದು ಕಾಯುವ ಹಾಗಿಲ್ಲ.

ಫಿಟ್ಸ್ ಬಂದರೆ ಏನು ಮಾಡಬೇಕು ಎಂದು ಪ್ರತಿ ಸಭೆಯಲ್ಲೂ ಕೇಳುತ್ತೀರಿ, ಇಲ್ಲಿಯೂ ಬರೆಯುತ್ತೇವೆ. ಕೈಯಲ್ಲಿ ಕಬ್ಬಿಣದ ಕೀಲಿ ಕೊಡುವುದು, ಚಪ್ಪಲಿ ಮೂಸಿಸುವುದು, ಉಳ್ಳಾಗಡ್ಡಿ ಹಿಡಿಯುವುದು ಯಾವುದರಿಂದಲೂ ಫಿಟ್ಸ್ ನಿಲ್ಲುವುದಿಲ್ಲ. ಅದು ಬಹಳ ಸಲ ಎರಡು ಮೂರು ನಿಮಿಷಕ್ಕೆ ತಾನೇ ನಿಲ್ಲುತ್ತದೆ, ನಾವು ಕೀಲಿಯಿಂದ ನಿಂತಿತು ಎಂದುಕೊಳ್ಳುತ್ತೇವೆ. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಾಯಿಯ ಜೊಲ್ಲು ಹೊರಗೆ ಹರಿಯಲಿ. ತಲೆಯ ಕೆಳಗೆ ಮೆತ್ತನೆ ಬಟ್ಟೆ ಇಡಿ. ಕೊರಳ ಹತ್ತಿರ ಬಿಗಿಯಾದದ್ದನ್ನು ಸಡಿಲ ಮಾಡಿ. ಹಲ್ಲಿನ ನಡುವೆ ಚಮಚ, ಬೆರಳು, ಕಟ್ಟಿಗೆ ತುರುಕಬೇಡಿ. ಪೂರ್ತಿ ಎಚ್ಚರ ಆಗುವತನಕ ನೀರು ಕೂಡ ಕುಡಿಸಬೇಡಿ, ಅದು ಪುಪ್ಪುಸಕ್ಕೆ ಹೋಗುತ್ತದೆ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಅಥವಾ ನಿಂತು ಮತ್ತೆ ಬಂದರೆ, ಅಥವಾ ಜ್ವರದ ಜೊತೆ ಬಂದದ್ದಾದರೆ ತಡ ಮಾಡದೆ ಆಸ್ಪತ್ರೆ.

ಬೆನ್ನಿನ ನೀರು ತೆಗೆಯುವುದು

ಯಾದಗಿರಿ ಜಿಲ್ಲಾ ಆಸ್ಪತ್ರೆಗೋ, ಅಲ್ಲಿಂದ ಕಲಬುರಗಿ ಅಥವಾ ರಾಯಚೂರಿನ ದೊಡ್ಡ ಆಸ್ಪತ್ರೆಗೋ ಹೋದಾಗ ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಲು ಹೇಳುತ್ತಾರೆ. ರಕ್ತ ಪರೀಕ್ಷೆ ಆಗುತ್ತದೆ. ಅದಕ್ಕೆಲ್ಲ ಯಾರೂ ತಕರಾರು ಮಾಡುವುದಿಲ್ಲ. ತಕರಾರು ಬರುವುದು ಬೆನ್ನಿನ ನೀರು ತೆಗೆಯಬೇಕು ಎಂದಾಗ. "ಬೆನ್ನಿನ ನೀರು ತಗದ್ರ ಸೊಂಟ ಬಿದ್ದು ಹೋಗ್ತಾದ, ಆಮ್ಯಾಲ ಹೊಲದ ಕೆಲಸ ಮಾಡ್ಲಾಕ ಬರಂಗಿಲ್ಲ" ಎಂದು ಹಿರಿಯರು ಸಹಿ ಹಾಕಲು ಒಪ್ಪುವುದಿಲ್ಲ. ಸಹಿ ಹಾಕದೆ ರೋಗಿಯನ್ನು ಮನೆಗೆ ವಾಪಸ್ ಕರೆದುಕೊಂಡು ಬಂದವರೂ ಇದ್ದಾರೆ.

ಈ ಹೆದರಿಕೆಗೆ ಉತ್ತರ ಸರಳ ಇದೆ. ಮೆದುಳಿನ ಸುತ್ತ ಇರುವ ತಿಳಿನೀರೇ ಬೆನ್ನುಹುರಿಯ ಸುತ್ತಲೂ ಇಳಿದು ಬರುತ್ತದೆ. ಮೆದುಳಿಗೆ ಸೂಜಿ ಚುಚ್ಚುವ ಬದಲು ಕೆಳಗೆ ಸೊಂಟದ ಹತ್ತಿರ ಒಂದಿಷ್ಟು ನೀರು ತೆಗೆದು ಪರೀಕ್ಷೆ ಮಾಡುತ್ತಾರೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ತೆಗೆಯುವ ನೀರು ಒಂದೆರಡು ಚಮಚದಷ್ಟು, ಅಷ್ಟು ನೀರು ಮೈಯೊಳಗೆ ಕೆಲವೇ ತಾಸಿನಲ್ಲಿ ಮತ್ತೆ ತಯಾರಾಗುತ್ತದೆ. ಕೆಲವರಿಗೆ ಒಂದೆರಡು ದಿನ ತಲೆನೋವು, ಸೊಂಟ ನೋವು ಬರಬಹುದು. ಮೊದಲು ಸ್ಕ್ಯಾನ್ ಮಾಡಿಸಿ, ಸೂಜಿ ಹಾಕಬಹುದೋ ಇಲ್ಲವೋ ಎಂದು ಡಾಕ್ಟರು ನೋಡಿಕೊಂಡಿರುತ್ತಾರೆ.

ಇಷ್ಟು ಒತ್ತಿ ಹೇಳಲು ಕಾರಣ, ಆ ನೀರಿನಲ್ಲೇ ಉತ್ತರ ಇರುತ್ತದೆ. ಮೆದುಳಿಗೆ ಬಾವು ಬರಲು ಕೊರೊನಾ ಒಂದೇ ಕಾರಣವಲ್ಲ. ಟಿ.ಬಿ. ರೋಗಾಣು ಮೆದುಳಿನ ಪೊರೆಗೆ ಹೋಗಬಹುದು. ಹರ್ಪಿಸ್ ಎಂಬ ರೋಗಾಣುವಿನಿಂದ ಆಗಬಹುದು, ಅದಕ್ಕೆ ಬೇರೆಯೇ ಔಷಧ ಇದೆ, ಬೇಗ ಕೊಟ್ಟರೆ ಜೀವ ಉಳಿಯುತ್ತದೆ. ಮಲೇರಿಯಾ ಮೆದುಳಿಗೇರಬಹುದು, ಅದು ರಕ್ತ ಪರೀಕ್ಷೆಯಲ್ಲಿ ಸಿಗುತ್ತದೆ. ಕೊರೊನಾದ ನಂತರದ ಉರಿಯೂತವಾದರೆ ಕಾವಲು ಪಡೆಯ ಸಿಟ್ಟು ಇಳಿಸುವ ಸ್ಟಿರಾಯ್ಡ್ ಅಥವಾ ಇಮ್ಯುನೊಗ್ಲೋಬುಲಿನ್ ಎಂಬ ದುಬಾರಿ ಇಂಜೆಕ್ಷನ್ ಕೊಡುತ್ತಾರೆ. ಯಾವುದರಿಂದ ಎಂದು ತಿಳಿಯದೆ ಔಷಧ ಕೊಡುವುದು ಕತ್ತಲಲ್ಲಿ ಕಲ್ಲು ಒಗೆದ ಹಾಗೆ.

ಸ್ಟಿರಾಯ್ಡ್ ಹೆಸರು ಬಂದಿದ್ದಕ್ಕೆ ಒಂದು ಎಚ್ಚರಿಕೆ. ಇದು ಆಸ್ಪತ್ರೆಯಲ್ಲಿ, ಸಕ್ಕರೆ ನೋಡುತ್ತಾ, ಲೆಕ್ಕ ಹಾಕಿ ಕೊಡುವ ಔಷಧ. 2021ರಲ್ಲಿ ಕೊರೊನಾ ಗುಣವಾದವರಿಗೆ ಕಪ್ಪು ಶಿಲೀಂಧ್ರ ರೋಗ ಬಂದು ಕಣ್ಣು ಕಳೆದುಕೊಂಡದ್ದು ನೆನಪಿರಬಹುದು. ಹತೋಟಿ ಇಲ್ಲದ ಸಕ್ಕರೆ ಕಾಯಿಲೆ ಮತ್ತು ಮಿತಿ ಇಲ್ಲದೆ ಕೊಟ್ಟ ಸ್ಟಿರಾಯ್ಡ್ ಅದಕ್ಕೆ ದೊಡ್ಡ ಕಾರಣಗಳಾಗಿದ್ದವು. ಊರಿಗೆ ಬ್ಯಾಗು ಹಿಡಿದು ಬರುವವರ ಹತ್ತಿರ "ಪವರ್ ಇಂಜೆಕ್ಷನ್" ಹಾಕಿಸಿಕೊಳ್ಳಬೇಡಿ.

ನಮ್ಮ ಜಿಲ್ಲೆಯ ಇನ್ನೊಂದು ಮೆದುಳು ಜ್ವರ

ಬಳಿಚಕ್ರ ಹೋಬಳಿಯ ತಾಯಂದಿರು ಇದನ್ನು ಓದುವಾಗ "ಮೆದುಳು ಜ್ವರದ ಸೂಜಿ ನಮ್ಮ ಮಕ್ಕಳಿಗೆ ಹಾಕ್ಯಾರಲ್ಲ" ಎಂದು ನೆನಪು ಮಾಡಿಕೊಳ್ಳಬಹುದು. ಸರಿ, ಅದು ಜಪಾನಿಸ್ ಎನ್‌ಸೆಫಲೈಟಿಸ್ ಲಸಿಕೆ. 2022ರ ಡಿಸೆಂಬರ್‌ನಲ್ಲಿ ಕರ್ನಾಟಕ ಸರ್ಕಾರ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಸುಮಾರು 48 ಲಕ್ಷ ಮಕ್ಕಳಿಗೆ ಈ ಲಸಿಕೆ ಹಾಕುವ ಅಭಿಯಾನ ಹಮ್ಮಿಕೊಂಡಿತು. ಆ ಹತ್ತರಲ್ಲಿ ಯಾದಗಿರಿ, ಕಲಬುರಗಿ ಎರಡೂ ಇದ್ದವು. ಈ ಜ್ವರ ಕೊರೊನಾದ ಹಾಗೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಇದನ್ನು ಹಂದಿಯಿಂದ, ಬೆಳ್ಳಕ್ಕಿಯಂಥ ನೀರು ಹಕ್ಕಿಯಿಂದ ಮನುಷ್ಯರಿಗೆ ತರುತ್ತದೆ. ನಾರಾಯಣಪುರ ಕಾಲುವೆಯ ನೀರಿನಿಂದ ಶಹಾಪುರ, ಸುರಪುರ ಕಡೆ ಭತ್ತ ಬೆಳೆಯುವುದು ನಿಮಗೆ ಗೊತ್ತೇ ಇದೆ. ನಾಟಿ ಕೆಲಸಕ್ಕೆ ಮಕ್ಕಳನ್ನು ಕಟ್ಟಿಕೊಂಡು ಹೋಗುವವರು ಸಂಜೆ ಸೊಳ್ಳೆ ಪರದೆ ಕಟ್ಟುವುದನ್ನು ಬಿಡಬಾರದು.

ಈ ಜ್ವರಕ್ಕೆ ನೇರ ಔಷಧ ಇಲ್ಲ. ಲಕ್ಷಣ ಕಂಡ ಮಕ್ಕಳಲ್ಲಿ ನೂರಕ್ಕೆ 30ರ ತನಕ ತೀರಿಕೊಳ್ಳುತ್ತಾರೆ, ಉಳಿದವರಲ್ಲಿ ಬಹಳ ಜನರಿಗೆ ಕೈಕಾಲು, ಮಾತು, ಬುದ್ಧಿಯ ಊನ ಉಳಿಯುತ್ತದೆ. ಲಸಿಕೆಯೇ ರಕ್ಷಣೆ. ಈ ರೋಗ ಇರುವ ಜಿಲ್ಲೆಗಳಲ್ಲಿ ಕೂಸಿಗೆ 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳ ಒಳಗೆ ಇನ್ನೊಂದು ಸಲ ಇದನ್ನು ಪುಕ್ಕಟೆ ಹಾಕುತ್ತಾರೆ. ತಾಯಿ ಕಾರ್ಡ್ ತೆಗೆದು ನೋಡಿ, ಆ ಸಾಲು ಖಾಲಿ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಕೊರೊನಾ ಲಸಿಕೆಯ ಬಗ್ಗೆಯೂ ಕೆಲವರು ಕೇಳುತ್ತಾರೆ, ಅದರಿಂದಲೇ ಮೆದುಳಿಗೆ ತೊಂದರೆ ಅಂತ ಮೊಬೈಲಿನಲ್ಲಿ ಬಂದಿತ್ತು ಎಂದು. ಲಸಿಕೆಯ ನಂತರವೂ ತೀರಾ ಅಪರೂಪಕ್ಕೆ ಇಂಥದ್ದು ವರದಿಯಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ರೋಗದಿಂದ ಆಗುವುದು ಅದಕ್ಕಿಂತ ಹೆಚ್ಚು. ಲಸಿಕೆ ರೋಗವನ್ನು ಗಂಭೀರ ಆಗದಂತೆ ತಡೆಯುತ್ತದೆ, ಮೆದುಳಿನ ಉರಿಯೂತ ಹೆಚ್ಚಾಗಿ ಕಂಡದ್ದು ರೋಗ ಗಂಭೀರ ಆದವರಲ್ಲೇ.

ರೊಕ್ಕದ ಮಾತು

ರಾತ್ರಿ ಹನ್ನೊಂದಕ್ಕೆ ಸೊಸೆಗೆ ಫಿಟ್ಸ್ ಬಂದರೆ ಮನೆಯಲ್ಲಿ ಎಷ್ಟು ರೊಕ್ಕ ಇರುತ್ತದೆ? ಬಹಳ ಮನೆಗಳಲ್ಲಿ ತಡ ಆಗುವುದು ದೆವ್ವದ ಮಾತಿಗಿಂತ ಹೆಚ್ಚಾಗಿ ಈ ಕಾರಣಕ್ಕೆ. "ಮುಂಜಾನಿ ಯಾರನ್ನಾರ ಕೇಳಿ ರೊಕ್ಕ ತಗೊಂಡು ಹೋಗೋಣ" ಎನ್ನುವಷ್ಟರಲ್ಲಿ ಎಂಟು ತಾಸು ಹೋಗಿರುತ್ತದೆ. 108 ಅಂಬುಲೆನ್ಸ್‌ಗೆ ರೊಕ್ಕ ಇಲ್ಲ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಕಾರ್ಡ್ ಚೀಲದಲ್ಲಿ ಹಾಕಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಿಂದ ಬೇರೆ ಕಡೆ ಕಳಿಸಿದರೆ ರೆಫರಲ್ ಚೀಟಿ ಬರೆಸಿಕೊಳ್ಳದೆ ಹೊರಡಬೇಡಿ. ದೊಡ್ಡ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎನ್ನುವವರು ಇರುತ್ತಾರೆ, ಮೊದಲು ಅವರನ್ನು ಹುಡುಕಿ.

ಆದರೂ ಊಟಕ್ಕೆ, ಜೊತೆಗೆ ಬಂದವರ ಖರ್ಚಿಗೆ, ಹೊರಗೆ ತರುವ ಔಷಧಕ್ಕೆ ಕೈಯಲ್ಲಿ ಹಣ ಬೇಕು. ಇಲ್ಲಿ ಸಂಘದ ಕೆಲಸ ಇದೆ. ಕೆಲವು ಸಂಘಗಳಲ್ಲಿ ಸಾಲ ಬೇಕಾದರೆ ವಾರದ ಸಭೆಯತನಕ ಕಾಯಬೇಕು, ಎಲ್ಲರ ಸಹಿ ಆಗಬೇಕು. ಕಾಯಿಲೆಗೆ ಅದು ಒಗ್ಗುವುದಿಲ್ಲ. ತುರ್ತು ನಿಧಿ ಎಂದು ಒಂದು ಸಣ್ಣ ಮೊತ್ತವನ್ನು ಬೇರೆ ತೆಗೆದು ಇಡಬಹುದು. ಪ್ರತಿನಿಧಿಗಳಿಬ್ಬರೂ ಒಪ್ಪಿದರೆ ಸಭೆ ಕರೆಯದೆ ಅದೇ ರಾತ್ರಿ ಕೊಡಬಹುದು, ಮುಂದಿನ ಸಭೆಯಲ್ಲಿ ಲೆಕ್ಕ ಇಡಬಹುದು ಎಂದು ಠರಾವು ಪುಸ್ತಕದಲ್ಲಿ ಬರೆದುಕೊಳ್ಳಿ. ಬಡ್ಡಿ ಹಾಕಬೇಕೋ ಬೇಡವೋ ಎಂಬುದು ನಿಮ್ಮ ಸಂಘಕ್ಕೆ ಬಿಟ್ಟದ್ದು. ನಮ್ಮನ್ನು ಕೇಳಿದರೆ ಮೊದಲ ಮೂರು ತಿಂಗಳು ಬೇಡ ಎನ್ನುತ್ತೇವೆ. ಆ ಮನೆಯವರು ಊರ ಸಾಹುಕಾರನ ಹತ್ತಿರ ನೂರಕ್ಕೆ ಐದರ ಬಡ್ಡಿಗೆ ಹೋದರೆ ಆ ಸದಸ್ಯೆಯ ಉಳಿತಾಯವೂ ನಿಲ್ಲುತ್ತದೆ, ಸಂಘಕ್ಕೂ ನಷ್ಟವೇ.

ಮನೆಗೆ ಬಂದ ಮೇಲೆ

ಆಸ್ಪತ್ರೆಯಿಂದ ಬಿಡುಗಡೆ ಆದ ದಿನ ಕಾಯಿಲೆ ಮುಗಿಯುವುದಿಲ್ಲ. ಮೆದುಳು ನಿಧಾನಕ್ಕೆ ಮಾಯುವ ಅಂಗ. ವಾರಗಳು ಹಿಡಿಯುತ್ತವೆ, ಕೆಲವರಿಗೆ ವರ್ಷ. ಮರೆವು ಇರುತ್ತದೆ, ಸಣ್ಣದಕ್ಕೆ ಸಿಟ್ಟು ಬರುತ್ತದೆ, ಅಳು ಬರುತ್ತದೆ, ಬೇಗ ಸುಸ್ತಾಗುತ್ತದೆ. ಹೊರಗೆ ನೋಡಿದರೆ ಮೈ ಸರಿ ಇರುವುದರಿಂದ ಮನೆಯವರು "ಈಗ ಛಲೋ ಆಗ್ಯಾಳ, ಕೂಲಿಗೆ ಹೋಗ್ಲಿ" ಎನ್ನುತ್ತಾರೆ. ಹೊಲದ ಕೆಲಸ, ಒಲೆಯ ಕೆಲಸ, ಬಾವಿಯ ನೀರು ಎಲ್ಲ ಒಮ್ಮೆಗೆ ಹೊರಿಸಬೇಡಿ. ಫಿಟ್ಸ್ ಬಂದಿದ್ದವರು ಒಲೆಯ ಮುಂದೆ, ಬಾವಿ-ಕಾಲುವೆ ಹತ್ತಿರ ಒಬ್ಬರೇ ಇರಬಾರದು. ಮಗು ಶಾಲೆಗೆ ಹೋಗುವುದಾದರೆ ಶಿಕ್ಷಕರಿಗೆ ನಡೆದದ್ದನ್ನು ತಿಳಿಸಿ, ಇಲ್ಲದಿದ್ದರೆ ದಡ್ಡ ಎಂದು ಹಿಂದಿನ ಬೆಂಚಿಗೆ ಹಾಕುತ್ತಾರೆ. ಊನ ಉಳಿದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ ಅಂಗವಿಕಲರ ಗುರುತಿನ ಚೀಟಿ ಮಾಡಿಸಬಹುದು. ಮನಸ್ಸು ಬಹಳ ಕುಗ್ಗಿದರೆ 14416 ನಂಬರಿಗೆ ಫೋನ್ ಮಾಡಿ, ಅದು ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಪುಕ್ಕಟೆ.

ಇನ್ನು ಗುಳಿಗೆ. ಫಿಟ್ಸ್ ತಡೆಯುವ ಗುಳಿಗೆಯನ್ನು ಡಾಕ್ಟರು ನಿಲ್ಲಿಸಿ ಎನ್ನುವತನಕ ಒಂದು ಹೊತ್ತೂ ತಪ್ಪಿಸುವ ಹಾಗಿಲ್ಲ. "ಮೂರು ತಿಂಗಳಾತು, ಫಿಟ್ಸ್ ಬಂದಿಲ್ಲ, ಇನ್ಯಾಕ ಗುಳಿಗಿ" ಎಂದು ತಾವೇ ಬಿಟ್ಟವರಿಗೆ ಫಿಟ್ಸ್ ಮೊದಲಿಗಿಂತ ಜೋರಾಗಿ ತಿರುಗಿ ಬರಬಹುದು. ಫಿಟ್ಸ್ ಬಾರದೆ ಇರುವುದೇ ಗುಳಿಗೆಯಿಂದ. ಹಬ್ಬ, ಉಪವಾಸ, ಜಾತ್ರೆ, ತವರಿಗೆ ಹೋಗುವುದು ಯಾವುದಿದ್ದರೂ ಗುಳಿಗೆ ಚೀಲದಲ್ಲಿರಲಿ. ಬಸಿರಾದರೆ ಗುಳಿಗೆ ಬಿಡಬೇಡಿ, ಕೂಡಲೇ ಡಾಕ್ಟರಿಗೆ ತೋರಿಸಿ, ಬೇಕಾದರೆ ಅವರು ಬದಲಾಯಿಸುತ್ತಾರೆ. ಗುಳಿಗೆ ಮುಗಿಯಲು ಒಂದು ವಾರ ಇರುವಾಗಲೇ ತರಬೇಕು. ವಾರದ ಸಭೆಗೆ ಆ ಸದಸ್ಯೆ ಬಂದಾಗ ಉಳಿತಾಯದ ಪುಸ್ತಕದ ಜೊತೆ ಗುಳಿಗೆಯ ಪಟ್ಟಿಯನ್ನೂ ತರಲು ಹೇಳಿ, ಎಷ್ಟು ಉಳಿದಿವೆ ಎಂದು ಪಕ್ಕದಲ್ಲಿ ಕೂತವರು ಎಣಿಸಿ ನೋಡಬಹುದು.